ಕೊನೆಯ ಹತ್ತು ನಿಮಿಷದಲ್ಲಿ ಕೈಜಾರುವ ಹ್ಯಾಂಡ್‌ಬಾಲ್ ಪಂದ್ಯಗಳು: ಸೋಲುವುದು ಕಾಲೋ, ತಲೆಯೋ?

ಪಿಟಿ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೇನೆ, ಬಾಲಕಿಯರ ಹ್ಯಾಂಡ್‌ಬಾಲ್ ತಂಡದ ಹೊಣೆ ನನ್ನದು. ನಮ್ಮ ತಂಡಕ್ಕೆ ಒಂದು ಕಾಯಿಲೆ ಅಂಟಿಕೊಂಡಿದೆ. ಮೊದಲಾರ್ಧದಲ್ಲಿ ಎದುರಾಳಿಗೆ ಉಸಿರಾಡಲೂ ಬಿಡುವುದಿಲ್ಲ. ಮೂರು ನಾಲ್ಕು ಗೋಲು ಮುಂದಿರುತ್ತೇವೆ. ಕೊನೆಯ ಎಂಟು ಹತ್ತು ನಿಮಿಷ ಬಂತೆಂದರೆ ಚೆಂಡು ಕೈಯಲ್ಲಿ ನಿಲ್ಲುವುದಿಲ್ಲ, ಎಸೆತ ಗುರಿ ಮುಟ್ಟುವುದಿಲ್ಲ, ಯಾರಾದರೂ ಒಬ್ಬಳು ಎರಡು ನಿಮಿಷದ ಶಿಕ್ಷೆ ಪಡೆದು ಹೊರಗೆ ಕೂತಿರುತ್ತಾಳೆ. ತಾಲ್ಲೂಕು ಮಟ್ಟದ ಫೈನಲ್ ಹೋದದ್ದೂ ಹೀಗೆಯೇ.

ಪೋಷಕರು ‘ಮಕ್ಕಳಿಗೆ ದಮ್ಮಿಲ್ಲ, ಇನ್ನಷ್ಟು ಓಡಿಸಿ’ ಎನ್ನುತ್ತಾರೆ. ಮುಖ್ಯ ಶಿಕ್ಷಕರು ‘ಧೈರ್ಯ ಸಾಲದು’ ಎನ್ನುತ್ತಾರೆ. ಬೆಳಗಿನ ಹೊತ್ತು ಮೈದಾನದ ಸುತ್ತು ಹೊಡೆಸುವುದನ್ನು ಹೆಚ್ಚಿಸಿ ನೋಡಿದೆ, ಏನೂ ಬದಲಾಗಲಿಲ್ಲ. ಆಡಿದವರು, ಆಡಿಸಿದವರು ಇಲ್ಲಿದ್ದೀರಿ. ಎಲ್ಲಿಂದ ಹುಡುಕಲು ತೊಡಗಲಿ?

ಏಳು_ಮೀಟರ್

ಮೇಷ್ಟ್ರೇ, ಮೊದಲು ಆ ಸುತ್ತು ಹೊಡೆಸುವುದನ್ನು ನಿಲ್ಲಿಸಿ. ವಿಶ್ವವಿದ್ಯಾಲಯದ ತಂಡದಲ್ಲಿ ಲೆಫ್ಟ್ ಬ್ಯಾಕ್ (ದೂರದಿಂದ ಎಸೆಯುವ ಹಿಂದಿನ ಸಾಲಿನ ಎಡಗಡೆಯ ಸ್ಥಾನ) ಆಡಿದವನು ನಾನು. ನಮ್ಮನ್ನೂ ಹೀಗೆಯೇ ಓಡಿಸುತ್ತಿದ್ದರು. ಓಟದಲ್ಲಿ ಪಳಗಿದೆವು, ಕೊನೆಯಲ್ಲಿ ಸೋಲುವುದು ಮಾತ್ರ ತಪ್ಪಲಿಲ್ಲ.

ಹ್ಯಾಂಡ್‌ಬಾಲ್ ದೂರದ ಆಟವಲ್ಲ. ಡೆನ್ಮಾರ್ಕಿನ ಉನ್ನತ ಲೀಗಿನಲ್ಲಿ ಅಳೆದು ನೋಡಿದಾಗ ಪುರುಷ ಆಟಗಾರರು ಇಡೀ ಪಂದ್ಯದಲ್ಲಿ ಕ್ರಮಿಸಿದ್ದು ಸರಾಸರಿ 3.6 ಕಿಲೋಮೀಟರ್, ಮಹಿಳೆಯರು 4 ಕಿಲೋಮೀಟರ್ ಆಸುಪಾಸು. ಅದರಲ್ಲೂ ಹೆಚ್ಚಿನ ಪಾಲು ನಡಿಗೆ ಮತ್ತು ನಿಧಾನದ ಓಟ. ಆಯಾಸ ತರುವುದು ಆ ದೂರವಲ್ಲ, ಅದರ ನಡುವೆ ಬರುವ ಜಿಗಿತ, ಗಕ್ಕನೆ ನಿಲ್ಲುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು, ಎದುರಾಳಿಯ ಪಿವಟ್ (ಗೋಲಿನ ಮುಂದೆ ರಕ್ಷಕರ ನಡುವೆಯೇ ನಿಲ್ಲುವ ಆಟಗಾರ) ಜೊತೆ ತೋಳಿಗೆ ತೋಳು ಕೊಟ್ಟು ತಳ್ಳಾಡುವುದು. ದ್ವಿತೀಯಾರ್ಧದಲ್ಲಿ ವೇಗದ ಓಟ ಕಡಿಮೆಯಾಗುತ್ತದೆ ಎನ್ನುವುದನ್ನು ಅದೇ ಅಳತೆಗಳು ತೋರಿಸಿವೆ.

ದಣಿವು ಮೊದಲು ಕಾಣಿಸಿಕೊಳ್ಳುವುದು ದಾಳಿಯಲ್ಲಲ್ಲ, ರಕ್ಷಣೆಯಲ್ಲಿ. ಕಾಲು ಪಕ್ಕಕ್ಕೆ ಸರಿಯಲು ಅರೆಕ್ಷಣ ತಡಮಾಡಿತೆಂದರೆ ಕೈ ಮುಂದೆ ಹೋಗುತ್ತದೆ. ಎದುರಿನಿಂದ ತಡೆಯಬೇಕಾದವಳು ಹಿಂದಿನಿಂದ ಜೆರ್ಸಿ ಹಿಡಿಯುತ್ತಾಳೆ. ಸೀಟಿ, ಎರಡು ಬೆರಳು, ಹೊರಗೆ. ನೀವು ಹೇಳಿದ ‘ಯಾರಾದರೂ ಒಬ್ಬಳು’ ಹೊರಗೆ ಕೂತಿರುವುದು ಶಿಸ್ತು ಕೆಟ್ಟಿದ್ದರಿಂದಲ್ಲ, ತೊಡೆ ಸೋತದ್ದರಿಂದ.

ಅಂಕಿ_ಕಣ್ಣು

ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಸರ ಬೇಡ. ದೊಡ್ಡವರ ಪಂದ್ಯ 60 ನಿಮಿಷದ್ದು, ಒಂದೊಂದು ತಂಡಕ್ಕೆ ಸುಮಾರು 50 ದಾಳಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಕೊನೆಯ ಹತ್ತು ನಿಮಿಷಕ್ಕೆ ತಲಾ ಎಂಟು ಒಂಬತ್ತು ದಾಳಿ. ಅರ್ಧದಷ್ಟು ಗೋಲಾದರೆ ತಲಾ ನಾಲ್ಕು. ಒಂದು ತಂಡಕ್ಕೆ ಆರು, ಇನ್ನೊಂದಕ್ಕೆ ಎರಡು ಬಿದ್ದರೆ ನಾಲ್ಕು ಗೋಲಿನ ಮುನ್ನಡೆ ಮಾಯ. ಇಷ್ಟು ಏರುಪೇರು ಪಂದ್ಯದ ಯಾವುದೇ ಹತ್ತು ನಿಮಿಷದಲ್ಲಿ ಆಗಬಹುದು. ಹನ್ನೆರಡನೇ ನಿಮಿಷದಿಂದ ಇಪ್ಪತ್ತೆರಡರವರೆಗೆ ಆದರೆ ಯಾರ ಲೆಕ್ಕಕ್ಕೂ ಬರುವುದಿಲ್ಲ, ಕೊನೆಯಲ್ಲಿ ಆದರೆ ‘ಧೈರ್ಯ ಸಾಲದು’ ಎಂಬ ಹಣೆಪಟ್ಟಿ. ಪ್ಯಾರಿಸ್ ಒಲಿಂಪಿಕ್ಸ್ ಪುರುಷರ ಫೈನಲ್‌ನಲ್ಲಿ ಡೆನ್ಮಾರ್ಕ್ 39-26ರಿಂದ ಜರ್ಮನಿಯನ್ನು ಸೋಲಿಸಿತು. ಆ ಪಂದ್ಯದ ಕೊನೆಯ ಹತ್ತು ನಿಮಿಷದ ಬಗ್ಗೆ ಯಾರಾದರೂ ಮಾತನಾಡಿದ್ದು ಕೇಳಿದ್ದೀರಾ?

ಮೇಷ್ಟ್ರು ಮೊದಲು ಮಾಡಬೇಕಾದದ್ದು ಒಂದು ನೋಟ್‌ಬುಕ್ ಹಿಡಿಯುವುದು. ಐದೈದು ನಿಮಿಷಕ್ಕೆ ಎಷ್ಟು ದಾಳಿ, ಎಷ್ಟು ಗೋಲು, ಎಷ್ಟು ಸಲ ಚೆಂಡು ಕಳೆದುಕೊಂಡೆವು, ಯಾರು ಎಸೆದರು ಎಂದು ಗೆರೆ ಎಳೆದು ಬರೆಯಿರಿ. ಕಾಯಿಲೆ ನಿಜವಾಗಿ ಇದೆಯೇ ಎಂದು ತಿಳಿದ ಮೇಲೆ ಮದ್ದು ಅರೆಯಬಹುದು.

ಏಳು_ಮೀಟರ್

ಅಂಕಿ ಅವರೇ, ಲೆಕ್ಕ ಸರಿ. ಆದರೆ ಆಟದ ಯಾವ ಹತ್ತು ನಿಮಿಷವೂ ಇನ್ನೊಂದರಂತೆ ಇರುತ್ತದೆ ಎಂದು ಆಡಿದ ಯಾರೂ ಒಪ್ಪುವುದಿಲ್ಲ. ನಿಮ್ಮ ಲೆಕ್ಕದ ಪಗಡೆ ದಾಳಕ್ಕೆ ದಣಿವಿಲ್ಲ, ಫಲಕದ ಮೇಲಿನ ಸ್ಕೋರ್ ಓದಲೂ ಬರುವುದಿಲ್ಲ.

ಬರ್ಲಿನ್_ಕನ್ನಡಿಗ

ಅಂಕಿ ಅವರ ವಾದಕ್ಕೆ ಸವಾಲಾಗುವ ಒಂದು ಪಂದ್ಯ ನೆನಪಿಸುತ್ತೇನೆ. 2016ರ ಮೇ ತಿಂಗಳು, ಜರ್ಮನಿಯ ಕಲೋನ್‌ನಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್. ಪೋಲೆಂಡಿನ ಕೀಲ್ಸೆ, ಹಂಗೇರಿಯ ವೆಸ್‌ಪ್ರೇಮ್. 46ನೇ ನಿಮಿಷದ ಹೊತ್ತಿಗೆ ವೆಸ್‌ಪ್ರೇಮ್ 28-19ರಿಂದ ಮುಂದಿತ್ತು. ಒಂಬತ್ತು ಗೋಲು! 60 ನಿಮಿಷ ಮುಗಿದಾಗ ಸ್ಕೋರ್ 29-29. ಹೆಚ್ಚುವರಿ ಸಮಯದ ಕೊನೆಗೆ 35-35. ಪೆನಾಲ್ಟಿ ಎಸೆತಗಳಲ್ಲಿ ಕೀಲ್ಸೆ ಗೆದ್ದಿತು, ಒಟ್ಟು 39-38.

ಕೀಲ್ಸೆ ಹತ್ತು ಗೋಲು ಹೊಡೆದದ್ದಕ್ಕೆ ಎಲ್ಲರೂ ಬೆರಗಾಗುತ್ತಾರೆ. ನನಗೆ ಬೆರಗು ಇನ್ನೊಂದು ಕಡೆಯದು. ಹದಿನಾಲ್ಕು ನಿಮಿಷದಲ್ಲಿ ವೆಸ್‌ಪ್ರೇಮ್ ಹೊಡೆದದ್ದು ಒಂದೇ ಗೋಲು. ಪಾಲ್ಮಾರ್ಸನ್, ಲಾಸ್ಲೋ ನಾಗಿ, ಇಲಿಚ್ ಇದ್ದ ತಂಡ ಅದು. ಮೊದಲ 46 ನಿಮಿಷಕ್ಕೆ 28 ಹೊಡೆದವರ ಕೈ ದಿಢೀರನೆ ಮರಗಟ್ಟುತ್ತದೆಯೇ? ಹತ್ತು ಹನ್ನೆರಡು ದಾಳಿಗೆ ಒಂದು ಗೋಲು ಬರುವುದನ್ನು ಬರಿಯ ಅದೃಷ್ಟ ಎಂದು ಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅಂಕಿ_ಕಣ್ಣು

ಆ ಪಂದ್ಯ ಅಷ್ಟು ಪ್ರಸಿದ್ಧವಾಗಿರುವುದೇ ಅಂಥದ್ದು ಎಷ್ಟೋ ಸಾವಿರಕ್ಕೆ ಒಮ್ಮೆ ಆಗುತ್ತದೆ ಎಂಬ ಕಾರಣಕ್ಕೆ. ಆದರೂ ಒಂದು ಗೋಲು ಎನ್ನುವುದು ನಿಜಕ್ಕೂ ವಿಪರೀತ, ಅದನ್ನು ಬದಿಗಿಡುವುದಿಲ್ಲ. ಆ ಹದಿನಾಲ್ಕು ನಿಮಿಷದಲ್ಲಿ ದಾಳಿಯ ರೀತಿಯಲ್ಲಿ ಏನು ಬದಲಾಯಿತು ಎಂದು ಯಾರಾದರೂ ಹೇಳಿದರೆ ಕೇಳುತ್ತೇನೆ.

ಬಲೆಯ_ಮುಂದೆ

ನಾನು ಹೇಳುತ್ತೇನೆ, ಏಕೆಂದರೆ ಅದನ್ನು ಎದುರಿನಿಂದ ನೋಡುವವಳು ಗೋಲ್‌ಕೀಪರ್. ಅಂತರ ವಿಶ್ವವಿದ್ಯಾಲಯ ಮಟ್ಟದವರೆಗೆ ಗೋಲಿನಲ್ಲಿ ನಿಂತಿದ್ದೇನೆ.

ಮೊದಲಾರ್ಧದಲ್ಲಿ ಚೆಂಡು ಎಲ್ಲಿಂದ ಬರುತ್ತದೆ ಎಂದು ನನಗೆ ತಿಳಿಯುವುದಿಲ್ಲ. ಎಡ ವಿಂಗ್, ಬಲ ವಿಂಗ್ (ಅಂಕಣದ ಅಂಚಿನಲ್ಲಿ ಆಡುವವರು), ಪಿವಟ್, ಒಂಬತ್ತು ಮೀಟರಿನಾಚೆಯಿಂದ ಬ್ಯಾಕ್, ಫಾಸ್ಟ್ ಬ್ರೇಕ್ (ರಕ್ಷಣೆ ಸಜ್ಜಾಗುವ ಮೊದಲೇ ಓಡಿ ಮಾಡುವ ದಾಳಿ). ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೋಲು. ಆರು ಮೀಟರಿನಿಂದ ಬರುವ ಎಸೆತಕ್ಕೆ ನಾನು ಪ್ರತಿಕ್ರಿಯಿಸುವುದಿಲ್ಲ, ಊಹಿಸುತ್ತೇನೆ. ಊಹೆ ಕೆಲಸ ಮಾಡಲು ಎದುರಾಳಿಯ ದಾರಿಗಳು ಕಡಿಮೆಯಾಗಬೇಕು. ಕೊನೆಯ ಹತ್ತು ನಿಮಿಷದಲ್ಲಿ ಮುಂದಿರುವ ತಂಡ ನನಗೆ ಆ ಉಪಕಾರವನ್ನು ಕೇಳದೆಯೇ ಮಾಡುತ್ತದೆ.

ವಿಂಗ್‌ಗಳಿಗೆ ಚೆಂಡು ಹೋಗುವುದು ನಿಲ್ಲುತ್ತದೆ, ಏಕೆಂದರೆ ಆ ಉದ್ದನೆಯ ಪಾಸ್ ಅಪಾಯ ಅನ್ನಿಸತೊಡಗುತ್ತದೆ. ಪಿವಟ್‌ಗೆ ಕೊಡುವುದು ನಿಲ್ಲುತ್ತದೆ, ಏಕೆಂದರೆ ನಾಲ್ಕು ಕೈಗಳ ನಡುವೆ ತೂರಿಸಬೇಕು. ಉಳಿಯುವವರು ಹಿಂದಿನ ಮೂವರು. ಅವರು ತಮ್ಮೊಳಗೇ ಚೆಂಡು ಆಡಿಸುತ್ತಾರೆ, ಕೊನೆಗೆ ತಂಡದ ನಾಯಕಿಗೋ ಹೆಚ್ಚು ಗೋಲು ಹೊಡೆದವಳಿಗೋ ಕೊಟ್ಟು ಸುಮ್ಮನಾಗುತ್ತಾರೆ. ಆ ಹುಡುಗಿಯ ಎಸೆತವನ್ನು ಅಷ್ಟು ಹೊತ್ತಿಗೆ ಎಷ್ಟೋ ಸಲ ನೋಡಿರುತ್ತೇನೆ. ದಣಿದ ಕಾಲು ಮೊದಲಿನಷ್ಟು ಜಿಗಿಯುವುದಿಲ್ಲ, ಮೊಣಕೈ ಇಳಿಯುತ್ತದೆ, ರಕ್ಷಕಿಯರ ಕೈ ಮೇಲಿನಿಂದ ಬರಬೇಕಾದ ಚೆಂಡು ಪಕ್ಕದಿಂದ ಬರುತ್ತದೆ. ಹಿಡಿದಾಗ ಎಲ್ಲರೂ ‘ಗೋಲ್‌ಕೀಪರ್ ಕೊನೆಯಲ್ಲಿ ಮಿಂಚಿದಳು’ ಎನ್ನುತ್ತಾರೆ. ಮಿಂಚಿದ್ದೇನೂ ಇಲ್ಲ, ಪ್ರಶ್ನೆಪತ್ರಿಕೆ ಸುಲಭವಾಗಿತ್ತು.

ಮೇಷ್ಟ್ರೇ, ನಿಮ್ಮ ಸೋತ ಪಂದ್ಯಗಳಲ್ಲಿ ಕೊನೆಯ ಹತ್ತು ಎಸೆತ ಯಾರು ಎಸೆದರು ಎಂದು ನೆನಪಿಸಿಕೊಳ್ಳಿ.

ಪಿಟಿ_ಮೇಷ್ಟ್ರು

ಅಕ್ಕ, ನೆನಪಿಸಿಕೊಳ್ಳುವುದೇ ಬೇಡ. ಒಬ್ಬಳೇ. ಎತ್ತರದ ಹುಡುಗಿ, ನಮ್ಮ ಬಲಗೈ. ‘ಅವಳಿಗೆ ಕೊಡಿ’ ಎಂದು ಗೆರೆಯ ಹೊರಗಿನಿಂದ ಕೂಗುತ್ತಿದ್ದವನೂ ನಾನೇ.

ಇನ್ನೊಂದು ವಿಷಯ. ನಮ್ಮಲ್ಲಿ ಹತ್ತು ಹನ್ನೊಂದು ಮಕ್ಕಳ ತಂಡ. ನಿಜವಾಗಿ ಆಡುವವರು ಏಳೇ. ಉಳಿದವರನ್ನು ಇಳಿಸಿದರೆ ಮುನ್ನಡೆ ಕರಗುತ್ತದೆ ಎಂಬ ಭಯ.

ಕಬಡ್ಡಿ_ಅಭಿಮಾನಿ

ನನಗೆ ಹ್ಯಾಂಡ್‌ಬಾಲ್ ಅಷ್ಟಾಗಿ ಗೊತ್ತಿಲ್ಲ, ಆದರೆ ಇದು ಪರಿಚಿತ ಕಥೆ. ಕಬಡ್ಡಿಯಲ್ಲೂ ಮುಂದಿರುವ ತಂಡದ ರೈಡರ್ ಬಾಕ್ ಲೈನ್ ಮುಟ್ಟಿ, 30 ಸೆಕೆಂಡ್ ಕಳೆದು ವಾಪಸು ಬರುತ್ತಾನೆ. ಪ್ರೊ ಕಬಡ್ಡಿಯಲ್ಲಿ ಎರಡು ಖಾಲಿ ರೈಡ್ ಆದರೆ ಮೂರನೆಯದು ಡು ಆರ್ ಡೈ. ಅಂಕ ತರದಿದ್ದರೆ ರೈಡರ್ ಔಟ್. ಸಮಯ ಕಳೆಯಲು ಹೋದವರು ಅಲ್ಲಿಯೇ ಸಿಕ್ಕಿಬೀಳುತ್ತಾರೆ. ಹ್ಯಾಂಡ್‌ಬಾಲ್‌ನಲ್ಲಿ ಚೆಂಡು ಹಿಡಿದುಕೊಂಡು ಸಮಯ ಕಳೆಯಲು ಅಡ್ಡಿ ಇಲ್ಲವೇ?

ಹಸಿರು_ಕಾರ್ಡ್

ಇದೆ, ಮತ್ತು ಕೊನೆಯ ನಿಮಿಷಗಳ ಅರ್ಧ ಕಥೆ ಅದರಲ್ಲೇ ಇದೆ. ನಾನು ರಾಜ್ಯ ಮಟ್ಟದ ಕೂಟಗಳಲ್ಲಿ ತೀರ್ಪುಗಾರ.

ಗೋಲಿನ ಕಡೆ ಹೋಗುವ ಇರಾದೆ ಇಲ್ಲದೆ ಚೆಂಡು ಆಡಿಸುತ್ತಿದ್ದರೆ ಅದು ಪ್ಯಾಸಿವ್ ಆಟ. ನಾವು ಕೈ ಎತ್ತಿ ಎಚ್ಚರಿಕೆ ಕೊಡುತ್ತೇವೆ. 2016ರ ನಿಯಮದಲ್ಲಿ ಎಚ್ಚರಿಕೆಯ ನಂತರ ಆರು ಪಾಸ್ ಇತ್ತು, 2022ರಲ್ಲಿ ಅದನ್ನು ನಾಲ್ಕಕ್ಕೆ ಇಳಿಸಿದರು. ಆ ನಾಲ್ಕರೊಳಗೆ ಎಸೆಯದಿದ್ದರೆ ಚೆಂಡು ಎದುರಾಳಿಗೆ. ತುಂಬಾ ಆಟಗಾರರಿಗೆ ಗೊತ್ತಿಲ್ಲದ ಸಂಗತಿ: ನಡುವೆ ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ ಎಸೆತ) ಸಿಕ್ಕಿದರೂ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. ರಕ್ಷಣಾ ತಂಡದವರಿಗೆ ಹಳದಿ ಕಾರ್ಡೋ ಎರಡು ನಿಮಿಷವೋ ಬಿದ್ದರೆ, ಇಲ್ಲವೇ ಎಸೆದ ಚೆಂಡು ಗೋಲ್‌ಕೀಪರ್‌ಗೋ ಕಂಬಕ್ಕೋ ತಗುಲಿ ಮತ್ತೆ ದಾಳಿಯವರಿಗೇ ಸಿಕ್ಕರೆ ಮಾತ್ರ ಎಚ್ಚರಿಕೆ ರದ್ದು.

ಇದನ್ನು ಬಲೆಯ ಮುಂದೆ ಅವರ ಮಾತಿಗೆ ಜೋಡಿಸಿ ನೋಡಿ. ಮುಂದಿರುವ ತಂಡ ಎಚ್ಚರದಿಂದ ಆಡತೊಡಗುತ್ತದೆ, ನನ್ನ ಕೈ ಮೇಲೇಳುತ್ತದೆ, ಮೂರನೇ ಪಾಸಿಗೆ ಗಾಬರಿ, ನಾಲ್ಕನೆಯದು ಯಾರ ಕೈಗೆ ಬಂದಿತೋ ಅವರು ಹನ್ನೊಂದು ಮೀಟರಿನಿಂದ ಎಸೆಯುತ್ತಾರೆ. ಗೋಲ್‌ಕೀಪರ್ ಹಿಡಿದು ಒಂದೇ ಪಾಸಿನಲ್ಲಿ ಫಾಸ್ಟ್ ಬ್ರೇಕ್. ನಿಧಾನವಾಗಿ ಆಡಿ ಕಾಪಾಡಿಕೊಳ್ಳಲು ಹೊರಟ ಮುನ್ನಡೆ ಅದರಿಂದಲೇ ಹೋಗುತ್ತದೆ. ಹಿಂದಿರುವ ತಂಡಕ್ಕೆ ಕೈ ಮೇಲೇಳುವ ಸಂದರ್ಭವೇ ಬರುವುದಿಲ್ಲ, ಅವರು ಹೇಗೂ ಅವಸರದಲ್ಲಿರುತ್ತಾರೆ.

ಏಳು_ಮೀಟರ್

ತೀರ್ಪುಗಾರರೇ, ನೀವು ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಕೈ ಯಾವಾಗ ಮೇಲೇಳಬೇಕು ಎನ್ನುವುದು ನಿಮ್ಮ ವಿವೇಚನೆ. ಆತಿಥೇಯ ತಂಡ ಮುಂದಿದ್ದಾಗ ಆ ಕೈ ಎಷ್ಟು ಭಾರವಾಗುತ್ತದೆ ಎಂದು ಜಿಲ್ಲಾ ಮಟ್ಟದಲ್ಲಿ ಆಡಿದ ಎಲ್ಲರಿಗೂ ಗೊತ್ತು.

ಹಸಿರು_ಕಾರ್ಡ್

ಆಕ್ಷೇಪವನ್ನು ತಳ್ಳಿಹಾಕುವುದಿಲ್ಲ. ಗೆರೆಯ ಪಕ್ಕದಲ್ಲಿಯೇ ಇನ್ನೂರು ಜನ ನಿಂತು ಕೂಗುವಾಗ ತೀರ್ಪುಗಾರನೂ ಮನುಷ್ಯನೇ. ಅದಕ್ಕೇ ಎಚ್ಚರಿಕೆಯ ನಂತರ ಪಾಸ್ ಎಣಿಸುವ ನಿಯಮ ತಂದದ್ದು. ಮೊದಲು ಅದೂ ನಮ್ಮ ಅಂದಾಜಿಗೆ ಬಿಟ್ಟಿತ್ತು.

ಬರ್ಲಿನ್_ಕನ್ನಡಿಗ

ಎಚ್ಚರದ ಆಟ ಎಂದಿರಿ, ಅದಕ್ಕೆ ಫ್ರಾನ್ಸಿನ ಲಿಲ್ ನಗರದಲ್ಲಿ ನಡೆದ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2024ರ ಆಗಸ್ಟ್ 7, ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್. ಫ್ರಾನ್ಸ್ ಆತಿಥೇಯ, ಹಾಲಿ ಒಲಿಂಪಿಕ್ ಚಾಂಪಿಯನ್, ನಿಕೋಲಾ ಕರಬಾತಿಚ್ ಅವರ ಕೊನೆಯ ಟೂರ್ನಿ. ಜರ್ಮನಿ ವಿರುದ್ಧ 29-28ರ ಮುನ್ನಡೆ, ಕೆಲವೇ ಸೆಕೆಂಡ್ ಬಾಕಿ, ಚೆಂಡು ಫ್ರಾನ್ಸ್ ಕೈಯಲ್ಲಿ. ತರಬೇತುದಾರ ಗಿಯೋಮ್ ಜಿಲ್ ಟೈಮ್ ಔಟ್ ಕರೆದರು. ಆಟ ಮತ್ತೆ ಶುರುವಾಯಿತು, ಡಿಕಾ ಮೆಮ್ ಕೊಟ್ಟ ಪಾಸ್ ಜರ್ಮನಿಯ ಯೂಲಿಯಾನ್ ಕೋಸ್ಟರ್ ಕೈಗೆ ಬಿತ್ತು, ಅಲ್ಲಿಂದ ರೆನಾರ್ಸ್ ಉಶ್ಚಿನ್ಸ್‌ಗೆ, ಗೋಲು. 29-29. ಹೆಚ್ಚುವರಿ ಸಮಯದಲ್ಲಿ ಜರ್ಮನಿ 35-34ರಿಂದ ಗೆದ್ದಿತು. ಉಶ್ಚಿನ್ಸ್ ಒಬ್ಬರದೇ 14 ಗೋಲು.

ನಾನು ಇಲ್ಲಿ ಕಚೇರಿಯ ಗೆಳೆಯರೊಂದಿಗೆ ಟಿವಿಯಲ್ಲಿ ನೋಡುತ್ತಿದ್ದೆ. ಟೈಮ್ ಔಟ್ ಕರೆದ ಕ್ಷಣದಲ್ಲಿ ಪಕ್ಕದಲ್ಲಿದ್ದ, ಹಿಂದೆ ಕ್ಲಬ್ ಮಟ್ಟದಲ್ಲಿ ಆಡಿದ ಜರ್ಮನ್ ಸಹೋದ್ಯೋಗಿ ಎದ್ದು ನಿಂತರು. ಅವರಿಗೆ ಅದು ಜರ್ಮನಿಗೆ ಸಿಕ್ಕ ಉಡುಗೊರೆಯಾಗಿ ಕಂಡಿತ್ತು.

ಪಿಟಿ_ಮೇಷ್ಟ್ರು

ಅದು ಹೇಗೆ ಉಡುಗೊರೆ? ಮುಂದಿರುವಾಗ ಟೈಮ್ ಔಟ್ ಕರೆದು ಮಕ್ಕಳನ್ನು ಸಮಾಧಾನ ಮಾಡುವುದನ್ನೇ ನಾನು ಕಲಿತದ್ದು.

ಹಸಿರು_ಕಾರ್ಡ್

ಸರ್, ಯಾವಾಗ ಎನ್ನುವುದರ ಮೇಲೆ ನಿಂತಿದೆ. ಚೆಂಡು ನಿಮ್ಮ ಕೈಯಲ್ಲಿ ಚಲಿಸುತ್ತಿದ್ದರೆ ಎದುರಾಳಿ ಅದರ ಬೆನ್ನಟ್ಟಬೇಕು, ಸೆಕೆಂಡುಗಳು ತಾವಾಗಿ ಉರುಳುತ್ತವೆ. ಟೈಮ್ ಔಟ್ ಕರೆದರೆ ಗಡಿಯಾರ ನಿಲ್ಲುತ್ತದೆ, ಎದುರಾಳಿಗೂ ಒಂದು ನಿಮಿಷ ಸಿಗುತ್ತದೆ. ಒಬ್ಬೊಬ್ಬರನ್ನು ಒಬ್ಬೊಬ್ಬರು ಹಿಡಿಯಿರಿ ಎಂದು ಅವರ ತರಬೇತುದಾರ ಹೇಳಿ ಮುಗಿಸುತ್ತಾನೆ. ನಂತರ ನಿಂತ ಚೆಂಡಿನಿಂದ, ಸೀಟಿಗೆ ಆಟ ಶುರು. ನಿಮ್ಮ ಆಟಗಾರರಿಗೆಲ್ಲ ಒಬ್ಬೊಬ್ಬ ಕಾವಲುಗಾರ ಅಂಟಿಕೊಂಡಿರುತ್ತಾನೆ, ಮೊದಲ ಪಾಸೇ ಕಷ್ಟ.

ಹಾಗೆಂದು ಜಿಲ್ ಮಾಡಿದ್ದು ಮೂರ್ಖತನ ಎನ್ನುವವನಲ್ಲ ನಾನು. ಪಾಸ್ ಒಂದಂಗುಲ ಆಚೆ ಹೋಗಿದ್ದರೆ ಅದೇ ಟೈಮ್ ಔಟನ್ನು ಎಲ್ಲರೂ ಮೆಚ್ಚುತ್ತಿದ್ದರು.

ನಿಯಮದ ಮಾತು: ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ತಂಡಕ್ಕೆ ಮೂರು ಟೈಮ್ ಔಟ್, ಒಂದು ಅರ್ಧದಲ್ಲಿ ಎರಡಕ್ಕಿಂತ ಹೆಚ್ಚಿಲ್ಲ, ಕೊನೆಯ ಐದು ನಿಮಿಷದಲ್ಲಿ ಒಂದೇ. ಶಾಲಾ ಕೂಟಗಳಲ್ಲಿ ಅರ್ಧಕ್ಕೆ ಒಂದೇ ಇರಬಹುದು, ಪಂದ್ಯಕ್ಕೆ ಮೊದಲೇ ಕೇಳಿಕೊಳ್ಳಿ. ಚೆಂಡು ನಿಮ್ಮಲ್ಲಿ ಇದ್ದಾಗ ಮಾತ್ರ ಟೈಮ್ ಔಟ್ ಕೇಳುವ ಹಸಿರು ಕಾರ್ಡ್ ಇಡಬಹುದು ಎನ್ನುವುದನ್ನು ಮರೆತು ಓಡಿಬರುವ ತರಬೇತುದಾರರನ್ನು ಈಗಲೂ ನೋಡುತ್ತೇನೆ.

ಏಳು_ಮೀಟರ್

ಟೈಮ್ ಔಟ್ ಉಪಯೋಗವಾಗುವುದು ಎದುರಾಳಿ ಸಾಲಾಗಿ ಎರಡು ಮೂರು ಗೋಲು ಹೊಡೆದಾಗ. ನಾಲ್ಕು ಆಗುವವರೆಗೆ ಕಾಯಬೇಡಿ. ವೆಸ್‌ಪ್ರೇಮ್ ಪಂದ್ಯ ನೋಡಿದವರಿಗೆ ಗೊತ್ತು, 28-19 ಒಮ್ಮೆಲೇ 29-29 ಆಗಲಿಲ್ಲ. 28-22 ಆಗುವಾಗ ಯಾರಿಗೂ ಅದು ಅಪಾಯವಾಗಿ ಕಾಣುವುದಿಲ್ಲ. ಆರು ಗೋಲು ಮುಂದಿದ್ದೇವಲ್ಲ ಎನ್ನಿಸುತ್ತದೆ.

ಅಂಕಿ_ಕಣ್ಣು

ಈಗ ಚರ್ಚೆ ನನಗೆ ಇಷ್ಟವಾಗುತ್ತಿದೆ, ಏಕೆಂದರೆ ‘ಧೈರ್ಯ’ ಎಂಬ ಪದ ಮಾಯವಾಗಿ ಅಳೆಯಬಹುದಾದ ಸಂಗತಿಗಳು ಬಂದಿವೆ. ಎರಡು ನಿಮಿಷದ ಶಿಕ್ಷೆಯನ್ನೂ ಹೀಗೆಯೇ ನೋಡಿ. ಎರಡು ನಿಮಿಷ ಎಂದರೆ ತಲಾ ಎರಡು ದಾಳಿಯಷ್ಟೇ. ಹದಿನೈದನೇ ನಿಮಿಷದಲ್ಲಿ ಒಂದು ಗೋಲು ನಷ್ಟವಾದರೆ ತುಂಬಿಕೊಳ್ಳಲು ಹೊತ್ತಿದೆ, 57ನೇ ನಿಮಿಷದಲ್ಲಿ ಹೊರಹೋದರೆ ಉಳಿದ ಪಂದ್ಯದ ಮೂರರಲ್ಲಿ ಎರಡು ಪಾಲು ಗೋಲ್‌ಕೀಪರ್ ಬಿಟ್ಟು ಐದೇ ಆಟಗಾರರು. ಶಿಕ್ಷೆ ಒಂದೇ, ಬೆಲೆ ಬೇರೆ.

ಮತ್ತೆ, ಒಬ್ಬಳಿಗೆ ಮೊದಲಾರ್ಧದಲ್ಲೇ ಎರಡು ಸಲ ಶಿಕ್ಷೆ ಬಿದ್ದಿದ್ದರೆ ಮೂರನೆಯದಕ್ಕೆ ಕೆಂಪು ಕಾರ್ಡ್. ಆ ಭಯದಲ್ಲಿ ಅವಳು ಕೊನೆಯಲ್ಲಿ ಮುಟ್ಟಲೂ ಹೆದರುತ್ತಾಳೆ. ಕೊನೆಯ ಹತ್ತು ನಿಮಿಷದ ರಕ್ಷಣೆ ಸಡಿಲವಾಗಿದ್ದಕ್ಕೆ ಕಾರಣ ಕೆಲವೊಮ್ಮೆ ಹತ್ತನೇ ನಿಮಿಷದಲ್ಲಿ ಇರುತ್ತದೆ.

ಬಲೆಯ_ಮುಂದೆ

ಗೋಲ್‌ಕೀಪರ್ ಇಲ್ಲದ ಆಟದ ಬಗ್ಗೆ ಯಾರೂ ಹೇಳಲಿಲ್ಲ! 2016ರಿಂದ ಗೋಲ್‌ಕೀಪರನ್ನು ಹೊರಗೆ ಕರೆದು ಏಳನೇ ಆಟಗಾರನನ್ನು ದಾಳಿಗೆ ಇಳಿಸುವುದು ಸಲೀಸಾಗಿದೆ. ಮೊದಲಿನಂತೆ ಗೋಲ್‌ಕೀಪರ್ ಬಣ್ಣದ ಮೇಲಂಗಿ ತೊಡಬೇಕಿಲ್ಲ. ಹಿಂದಿರುವವರು ಕೊನೆಯಲ್ಲಿ ಏಳಕ್ಕೆ ಆರರಂತೆ ದಾಳಿ ಮಾಡುತ್ತಾರೆ, ಒಬ್ಬರು ಹೊರಗಿದ್ದಾಗ ಸಂಖ್ಯೆ ಸರಿದೂಗಿಸಲೂ ಹೀಗೆ ಮಾಡುತ್ತಾರೆ. ಚೆಂಡು ತಪ್ಪಿತೋ, ಹಿಂದೆ ಗೋಲು ಖಾಲಿ.

ಟೋಕಿಯೊ ಒಲಿಂಪಿಕ್ಸ್ ಫೈನಲ್ ನೆನಪಿದೆಯೇ? ಫ್ರಾನ್ಸ್ 24, ಡೆನ್ಮಾರ್ಕ್ 23, ಕೊನೆಯ ಸೆಕೆಂಡುಗಳಲ್ಲಿ ಚೆಂಡು ಡೆನ್ಮಾರ್ಕ್ ಕೈಯಲ್ಲಿ. ಚೆಂಡು ಕಳೆದುಹೋಯಿತು, ಲುಡೋವಿಕ್ ಫಾಬ್ರೆಗಾಸ್ ಖಾಲಿ ಗೋಲಿಗೆ ಹಾಕಿದರು, 25-23. ಮೂರು ವರ್ಷದ ನಂತರ ಲಿಲ್‌ನಲ್ಲಿ ಅದೇ ಫ್ರಾನ್ಸ್ ಆ ಪಾಸಿನ ಇನ್ನೊಂದು ಬದಿಯಲ್ಲಿ ನಿಂತಿತ್ತು. ಒಂದೇ ಪಾಸ್ ಎರಡೂ ಕಡೆ. ‘ಚಾಂಪಿಯನ್ ಮನೋಬಲ’ ಎಂದು ವರದಿಗಾರರು ಬರೆಯುವಾಗ ನನಗೆ ನಗು ಬರುವುದು ಇದಕ್ಕೇ.

ಶಾಲಾ ಮಕ್ಕಳಿಗೆ ಇದನ್ನು ಹೇಳಿಕೊಡಬೇಡಿ ಮೇಷ್ಟ್ರೇ. ಆಟಗಾರರ ಬದಲಾವಣೆ ಮಧ್ಯರೇಖೆಯಿಂದ ನಾಲ್ಕೂವರೆ ಮೀಟರಿನೊಳಗೇ ಆಗಬೇಕು, ಒಳಬರುವವರು ಹೊರಹೋಗುವವರಿಗಿಂತ ಮುಂಚೆ ಕಾಲಿಟ್ಟರೆ ಅದಕ್ಕೇ ಎರಡು ನಿಮಿಷ. ಗಾಬರಿಯಲ್ಲಿ ಮಕ್ಕಳು ಮಾಡುವ ಮೊದಲ ತಪ್ಪೇ ಅದು.

ಪಿಟಿ_ಮೇಷ್ಟ್ರು

ಇಷ್ಟು ಓದಿದ ಮೇಲೆ ನಮ್ಮ ಮಟ್ಟದ ತೊಂದರೆ ಒಂದನ್ನು ಹೇಳಬೇಕು. ವಲಯ ಮಟ್ಟದ ಕೂಟವೆಂದರೆ ಒಂದೇ ದಿನ ಎಲ್ಲ. ಬೆಳಿಗ್ಗೆ ಒಂದು ಪಂದ್ಯ, ಹನ್ನೊಂದಕ್ಕೆ ಸೆಮಿಫೈನಲ್, ಅನ್ನ ಸಾಂಬಾರ್ ಊಟ, ಎರಡೂವರೆ ಬಿಸಿಲಿಗೆ ಮಣ್ಣಿನ ಅಂಕಣದಲ್ಲಿ ಫೈನಲ್. ನಿಯಮದ ಪ್ರಕಾರ ಈ ವಯಸ್ಸಿಗೆ 25 ನಿಮಿಷದ ಎರಡು ಅರ್ಧ, ಆದರೆ ಪಂದ್ಯಗಳು ಹೆಚ್ಚಾದರೆ ಅದನ್ನೂ ಕತ್ತರಿಸುತ್ತಾರೆ. ಧೂಳು, ಬೆವರು, ಚೆಂಡು ಕೈಯಿಂದ ಜಾರುತ್ತದೆ. ಯುರೋಪಿನವರು ಬೆರಳಿಗೆ ಅಂಟು ಹಚ್ಚಿಕೊಳ್ಳುತ್ತಾರಂತೆ. ನಮ್ಮಲ್ಲಿ ಚೆಂಡಿಗೆ ಗಾಳಿ ಸರಿಯಾಗಿದ್ದರೆ ಅದೇ ಪುಣ್ಯ.

ಏಳು_ಮೀಟರ್

ನಿಮ್ಮ ಉತ್ತರವನ್ನು ನೀವೇ ಹೇಳಿದಿರಿ. ಮೂರು ಪಂದ್ಯಕ್ಕೆ ಏಳು ಮಕ್ಕಳು. ಮೂರನೇ ಪಂದ್ಯದ ಕೊನೆಯ ಹತ್ತು ನಿಮಿಷದ ಕಾಲನ್ನು ನೀವು ಬೆಳಿಗ್ಗೆಯೇ ಖರ್ಚು ಮಾಡಿರುತ್ತೀರಿ. ಮೊದಲ ಪಂದ್ಯದಲ್ಲಿ ಎಂಟು ಗೋಲು ಮುಂದಿರುವಾಗಲೂ ಆ ಎತ್ತರದ ಹುಡುಗಿ ಅಂಕಣದಲ್ಲಿ ಇದ್ದಳೋ ಇಲ್ಲವೋ? ಇದ್ದಳು ಎಂದು ಪಣ ಕಟ್ಟುತ್ತೇನೆ. ಹ್ಯಾಂಡ್‌ಬಾಲ್‌ನಲ್ಲಿ ಬದಲಾವಣೆಗೆ ಲೆಕ್ಕವಿಲ್ಲ, ಅನುಮತಿ ಕೇಳಬೇಕಿಲ್ಲ. ಇಷ್ಟು ಧಾರಾಳವಾದ ನಿಯಮ ಇಟ್ಟುಕೊಂಡು ಏಳೇ ಮಕ್ಕಳನ್ನು ಆಡಿಸುವುದು ಜಿಪುಣತನ, ಕ್ಷಮಿಸಿ.

ಬೆಂಚಿನ ಮಕ್ಕಳನ್ನು ರಕ್ಷಣೆಗೆ ಮಾತ್ರ ಇಳಿಸಿ. ಚೆಂಡು ನಿಮ್ಮ ಕೈಗೆ ಬಂದಾಗ ಒಬ್ಬಿಬ್ಬರು ಹೊರಗೆ, ದಾಳಿಯವರು ಒಳಗೆ. ದೊಡ್ಡ ತಂಡಗಳು ಮಾಡುವುದೂ ಇದನ್ನೇ. ಹನ್ನೊಂದನೆಯ ಹುಡುಗಿಗೆ ಗೋಲು ಹೊಡೆಯಲು ಬಾರದಿರಬಹುದು, ಕೈ ಎತ್ತಿ ಅಡ್ಡ ನಿಲ್ಲಲು ಬರುತ್ತದೆ.

ಕಬಡ್ಡಿ_ಅಭಿಮಾನಿ

ಊಟದ ವಿಷಯ ನನ್ನ ಹೊಟ್ಟೆಯನ್ನೂ ಉರಿಸುತ್ತದೆ. ಕಬಡ್ಡಿ ಮಕ್ಕಳಿಗೂ ಅದೇ ಗತಿ. ಎರಡು ಪಂದ್ಯದ ನಡುವೆ ಬಾಳೆಹಣ್ಣು, ನಿಂಬೆ ಶರಬತ್ತಿಗೆ ಉಪ್ಪು ಸಕ್ಕರೆ ಹಾಕಿ ಕೊಡಿ, ಊಟ ಫೈನಲ್ ಆದ ಮೇಲೆ. ಸಂಘಟಕರು ಊಟದ ಕೂಪನ್ ಮುಗಿಯುತ್ತದೆ ಎನ್ನುತ್ತಾರೆ, ಡಬ್ಬಿಯಲ್ಲಿ ತುಂಬಿಸಿಟ್ಟುಕೊಳ್ಳಿ.

ಬಲೆಯ_ಮುಂದೆ

ಅಭ್ಯಾಸದ ಬಗ್ಗೆ ನನ್ನದೊಂದು ಸಲಹೆ. ಅಭ್ಯಾಸ ಪಂದ್ಯವನ್ನು ಯಾವಾಗಲೂ 0-0ಯಿಂದ ಶುರು ಮಾಡಬೇಡಿ. ಮಕ್ಕಳು ಚೆನ್ನಾಗಿ ದಣಿದ ಮೇಲೆ, ಸಂಜೆಯ ಕೊನೆಗೆ, ‘ಸ್ಕೋರ್ 17-15, ಆರು ನಿಮಿಷ ಬಾಕಿ, ನೀವು ಮುಂದಿದ್ದೀರಿ, ನಿಮ್ಮಲ್ಲಿ ಒಬ್ಬಳು ಹೊರಗಿದ್ದಾಳೆ’ ಎಂದು ಹೇಳಿ ಸೀಟಿ ಊದಿ. ಒಂದು ಕಟ್ಟಳೆ ಇಡಿ: ಎರಡು ದಾಳಿಗೆ ಒಮ್ಮೆಯಾದರೂ ಚೆಂಡು ವಿಂಗ್‌ಗೆ ಹೋಗಲೇಬೇಕು, ಒಬ್ಬಳೇ ಸಾಲಾಗಿ ಎರಡು ಸಲ ಎಸೆಯುವಂತಿಲ್ಲ. ಮೊದಲು ಮುನ್ನಡೆ ಕಳೆದುಕೊಳ್ಳುತ್ತಾರೆ. ಕಳೆದುಕೊಳ್ಳಲಿ, ಅದು ಅಭ್ಯಾಸ. ನೀವು ಕೈ ಎತ್ತಿ ಪ್ಯಾಸಿವ್ ಎಚ್ಚರಿಕೆ ಕೊಟ್ಟು ಜೋರಾಗಿ ಪಾಸ್ ಎಣಿಸಿ. ನಾಲ್ಕು ಪಾಸಿನಲ್ಲಿ ಏನು ಮಾಡಬಹುದು ಎನ್ನುವುದಕ್ಕೆ ಅವರ ಬಳಿ ಒಂದು ಗೊತ್ತಾದ ಆಟ ಇರಬೇಕು. ಇಲ್ಲದಿದ್ದರೆ ಚೆಂಡು ಮತ್ತೆ ಆ ಎತ್ತರದ ಹುಡುಗಿಯ ಕೈಗೇ.

ಏಳು ಮೀಟರ್ ಎಸೆತವನ್ನೂ, ಅಂದರೆ ಪೆನಾಲ್ಟಿಯನ್ನೂ, ದಣಿದ ಮೇಲೆ ಎಸೆಸಿ. ತಾಜಾ ಇದ್ದಾಗ ಹತ್ತಕ್ಕೆ ಒಂಬತ್ತು ಹಾಕುವವಳು ಬೇರೆ, ಏದುಸಿರು ಬಿಡುತ್ತ ಹಾಕುವವಳು ಬೇರೆ. 2022ರ ಯುರೋಪಿಯನ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ ಸ್ವೀಡನ್ 27-26ರಿಂದ ಗೆದ್ದದ್ದು ಸಮಯ ಮುಗಿದ ಮೇಲೆ ನಿಕ್ಲಾಸ್ ಎಕ್‌ಬರ್ಗ್ ಎಸೆದ ಏಳು ಮೀಟರಿನಿಂದ. ಅಂಥ ಹೊತ್ತಿಗೆ ಯಾರು ಎಸೆಯಬೇಕೆಂದು ಮೊದಲೇ ತೀರ್ಮಾನವಾಗಿರಬೇಕು, ಆಗ ಕಣ್ಣು ಕಣ್ಣು ನೋಡಿಕೊಳ್ಳುವಂತಾಗಬಾರದು.

ಅಂಕಿ_ಕಣ್ಣು

ನೋಟ್‌ಬುಕ್ ಮರೆಯಬೇಡಿ ಮೇಷ್ಟ್ರೇ. ಬೆಂಚಿನಲ್ಲಿ ಕೂರುವ ಮಗುವಿನ ಕೈಗೆ ಕೊಡಿ. ಎಸೆದವರ ಸಂಖ್ಯೆ ಬರೆದುಕೊಳ್ಳಲಿ, ಅದೊಂದೇ ಸಾಕು.

ಪಿಟಿ_ಮೇಷ್ಟ್ರು

ಎಲ್ಲರಿಗೂ ವಂದನೆಗಳು. ನೋಟ್‌ಬುಕ್, ಬದಲಾವಣೆ, ದಣಿದ ಮೇಲಿನ ಅಭ್ಯಾಸ, ಈ ಮೂರನ್ನು ಈ ವಾರದಿಂದಲೇ ತೊಡಗುತ್ತೇನೆ. ಮುಖ್ಯ ಶಿಕ್ಷಕರಿಗೆ ಬಾಳೆಹಣ್ಣಿನ ಬಿಲ್ ತೋರಿಸುವುದು ಬೇರೆ ಸಾಹಸ.

ತೀರ್ಪುಗಾರ ಸರ್‌ಗೆ ಒಂದು ಕೊನೆಯ ಪ್ರಶ್ನೆ. ತಾಲ್ಲೂಕು ಫೈನಲ್‌ನಲ್ಲಿ ಒಂದು ಗೋಲಿನಿಂದ ಹಿಂದಿದ್ದೆವು, ಕೊನೆಯ ಕ್ಷಣದಲ್ಲಿ ನಮಗೆ ಫ್ರೀ ಥ್ರೋ ಸಿಕ್ಕಿತು. ಎದುರಿನವಳು ಚೆಂಡಿನ ಮುಂದೆಯೇ ನಿಂತು ಬಿಡಲಿಲ್ಲ, ಅಷ್ಟರಲ್ಲಿ ಸಮಯವಾಯಿತೆಂದು ಪಂದ್ಯ ಮುಗಿಸಿಬಿಟ್ಟರು. ಅದು ಸರಿಯೇ?

ಹಸಿರು_ಕಾರ್ಡ್

ನೀವು ಹೇಳಿದಂತೆಯೇ ನಡೆದಿದ್ದರೆ ಸರಿಯಲ್ಲ. ಕೊನೆಯ 30 ಸೆಕೆಂಡಿನಲ್ಲಿ ಆಟಗಾರ್ತಿ ಎದುರಾಳಿಯ ಎಸೆತವನ್ನು ತಡೆದರೆ, ಅಂದರೆ ಚೆಂಡು ಆಟದಲ್ಲಿ ಇಲ್ಲದಾಗ ಮೂರು ಮೀಟರ್ ದೂರ ಸರಿಯದೆ ಅಡ್ಡ ನಿಂತರೆ, ಅವಳಿಗೆ ಕೆಂಪು ಕಾರ್ಡ್, ನಿಮಗೆ ಏಳು ಮೀಟರ್. ತಡೆದಿಲ್ಲ ಎಂದು ತೀರ್ಪುಗಾರರಿಗೆ ಅನ್ನಿಸಿದರೂ, ಸಮಯ ಮುಗಿಯುವ ಮೊದಲು ಕೊಟ್ಟ ಫ್ರೀ ಥ್ರೋ ಎಸೆಯಲು ಬಿಡಲೇಬೇಕು. ಗೋಲಿಗೆ ನೇರ ಎಸೆಯಬೇಕು, ಎಸೆಯುವವಳ ಒಂದು ಪಾದ ನೆಲ ಬಿಡಬಾರದು, ಎದುರಾಳಿಗಳು ಮೂರು ಮೀಟರ್ ದೂರದಲ್ಲಿ ಗೋಡೆ ಕಟ್ಟಬಹುದು.

ಅದರಿಂದ ಗೋಲು ಬರುವುದು ಅಪರೂಪ, ಆದರೆ ಬರುತ್ತದೆ. 2024ರ ಜನವರಿಯಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್ ಸೆಮಿಫೈನಲ್‌ನಲ್ಲಿ ಸ್ವೀಡನ್ 27-26ರಿಂದ ಮುಂದಿತ್ತು. ಸಮಯ ಮುಗಿದ ಮೇಲೆ ಫ್ರಾನ್ಸಿನ ಎಲೋಹಿಮ್ ಪ್ರಾಂಡಿ ಗೋಡೆಯನ್ನು ದಾಟಿಸಿ ಹಾಕಿದರು, ಹೆಚ್ಚುವರಿ ಸಮಯದಲ್ಲಿ ಫ್ರಾನ್ಸ್ 34-30ರಿಂದ ಗೆದ್ದು ಮುಂದೆ ಪ್ರಶಸ್ತಿಯನ್ನೂ ಪಡೆಯಿತು.

ಮುಂದಿನ ಸಲ ಪಂದ್ಯಕ್ಕೆ ಮೊದಲು ಸಮಯ ಹಿಡಿಯುವವರ ಮೇಜಿಗೆ ಹೋಗಿ ಎರಡು ವಿಷಯ ಕೇಳಿ: ಅಧಿಕೃತ ಗಡಿಯಾರ ಯಾರದು, ಮುಗಿದಾಗ ಸೀಟಿ ಊದುವವರು ಯಾರು. ನಮ್ಮ ಕಡೆ ಎಷ್ಟೋ ಕೂಟಗಳಲ್ಲಿ ಹಾರ್ನ್ ಇರುವುದಿಲ್ಲ, ಯಾರದೋ ಮೊಬೈಲ್ ನೋಡಿ ಕೂಗುತ್ತಾರೆ.

ಏಳು_ಮೀಟರ್

ಆ ಮೊಬೈಲ್‌ಗೆ ನಡುವೆ ಕರೆ ಬಂದು ಗಡಿಯಾರವೇ ಮಾಯವಾದದ್ದನ್ನೂ ನೋಡಿದ್ದೇನೆ. ಯಾವ ಜಿಲ್ಲೆ ಎಂದು ಕೇಳಬೇಡಿ.